ನೇರಳೆ ಹಣ್ಣಿನ ದೇಶ

ಆಗೆಲ್ಲ ಆಷಾಢದ ಗಾಳಿ ಶುರುವಾಯಿತೆಂದರೆ ಬಿನ್ನಿಪೇಟೆಯ ಮಕ್ಕಳ ನಾಲಿಗೆ ಕಪ್ಪಾಗುತ್ತಿತ್ತು. ಬಟ್ಟೆ ಗಿರಣಿಯ ಕಾಂಪೌಂಡ್ ಗೋಡೆಗೆ ಒರಗಿದಂತೆ ಒಂದು ದೊಡ್ಡ ನೇರಳೆ ಮರವಿತ್ತು. ಗಾಳಿ ಬೀಸಿದಾಗ ಅರ್ಧ ಹಣ್ಣು ಗೋಡೆಯಾಚೆಗೆ ಉದುರಿದರೆ ಇನ್ನರ್ಧ ನಮ್ಮ ಪಾಲಿಗೆ. ಮಣ್ಣು ಊದಿ, ಲಂಗದ ಅಂಚಿನಲ್ಲಿ ಒರೆಸಿ, ಉಪ್ಪು ಖಾರದಪುಡಿ ಹಚ್ಚಿ ತಿಂದರೆ ಒಗರಿಗೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಸಾಲಾಗಿ ನಿಂತು ನಾಲಿಗೆ ಚಾಚುವ ಆಟ. ಯಾರ ನಾಲಿಗೆ ಹೆಚ್ಚು ಕಪ್ಪೋ ಅವರು ಆ ದಿನದ ರಾಜ. ಹುಡುಗಿ ಗೆದ್ದರೂ ರಾಜನೇ. ರಾಣಿ ಎಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ನನ್ನ ಶಾಲೆ ಮೈಸೂರು ರಸ್ತೆ ದಾಟಿ, ಚಾಮರಾಜಪೇಟೆಯಲ್ಲಿತ್ತು. ಆರನೇ ಕ್ಲಾಸಿನಲ್ಲಿ ನಮಗೆ ಸಮಾಜ ಹೇಳಿಕೊಡುತ್ತಿದ್ದವರು ಕಮಲಾಕ್ಷಿ ಮಿಸ್. ಮಡಿಕೆ ಕೆಡದ ಸೀರೆ, ತುರುಬಿನಲ್ಲಿ ಒಂದೇ ಒಂದು ಸಂಪಿಗೆ. ಒಳ್ಳೆಯ ಪಾಠ, ಆದರೆ ನಾಲಿಗೆ ಮಾತ್ರ ಚೂಪು. ಒಂದು ದಿನ ಅವರು, “ನಮ್ಮ ದೇಶಕ್ಕೆ ಹೆಸರು ಹೇಗೆ ಬಂತು? ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ” ಎಂದು ಹೇಳಿ ಕಳಿಸಿದರು.

ನಮ್ಮ ಮನೆಯಲ್ಲಿ ದೊಡ್ಡವರೆಂದರೆ ಅಜ್ಜಿ, ಅಪ್ಪ, ಅಮ್ಮ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅಪ್ಪನ ಪುಸ್ತಕಗಳು. ಅಜ್ಜಿಯ ತವರು ಚಿತ್ರದುರ್ಗದ ಆಚೆ, ಮೊಳಕಾಲ್ಮೂರಿನ ಕಡೆ. ನಾನು ಕೇಳಿದ ಕೂಡಲೇ ಅಪ್ಪ ನಕ್ಕು, “ಅದನ್ನ ನಿಮ್ಮಜ್ಜಿ ಊರಿನ ಬಂಡೆ ಹೇಳುತ್ತೆ” ಎಂದರು.

ಅಶೋಕ ಬರೆಸಿದ ಶಾಸನ ಆ ಕಡೆಯ ಬಂಡೆಗಳ ಮೇಲಿದೆ, ಅದರಲ್ಲಿ ಈ ನಾಡನ್ನು ಜಂಬೂದ್ವೀಪ ಎಂದು ಕರೆದಿದೆ, ಜಂಬು ಎಂದರೆ ನೇರಳೆ ಎಂದು ಅಪ್ಪ ವಿವರಿಸಿದರು. ಭರತನ ಕಥೆಯನ್ನೂ ಹೇಳಿದರು. ಸಿಂಧೂ ನದಿಯ ಹೆಸರು ದೂರದವರ ಬಾಯಲ್ಲಿ ಹಿಂದು ಆಗಿ, ಇನ್ನೂ ದೂರದವರ ಬಾಯಲ್ಲಿ ಇಂಡಿಯಾ ಆದದ್ದನ್ನೂ ಹೇಳಿದರು. ನನಗೆ ಹಿಡಿಸಿದ್ದು ಮಾತ್ರ ನೇರಳೆ.

ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. “ಆ ಬಂಡೆ ಮ್ಯಾಲಾ? ದಪ್ಪನೆ ಹಣ್ಣಿಗೆ ನಾವು ಜಂಬುನೇರಳೆ ಅಂತಿದ್ವಿ. ದೇಶಕ್ಕೂ ಅದೇ ಹೆಸರೈತಾ?” ಅವಳ ಮುಖ ಅರಳಿಹೋಯಿತು. ನಾನಂತೂ ಆ ರಾತ್ರಿ, ನಾಳೆ ಇಡೀ ಕ್ಲಾಸಿಗೆ ಇದನ್ನು ಹೇಳುವವಳು ನಾನೊಬ್ಬಳೇ ಎಂಬ ಖುಷಿಯಲ್ಲೇ ಮಲಗಿದೆ.

ಮರುದಿನ ಒಬ್ಬೊಬ್ಬರೂ ಎದ್ದು ಭರತ ಎಂದರು, ಸಿಂಧೂ ಎಂದರು. ಮಿಸ್ ತಲೆಯಾಡಿಸುತ್ತ ಬೋರ್ಡಿನ ಮೇಲೆ ಬರೆದುಕೊಂಡರು. ನನ್ನ ಸರದಿ ಬಂದಾಗ ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: “ಜಂಬೂದ್ವೀಪ ಮಿಸ್. ಅಂದ್ರೆ ನೇರಳೆ ಮರದ ದೇಶ.”

ಮಿಸ್ ನನ್ನ ಬಾಯಿಯನ್ನೇ ನೋಡಿದರು. “ಅದಕ್ಕೇ ದೇಶಾನ ನಾಲಿಗೆ ಮೇಲೆ ಹೊತ್ಕೊಂಡು ಬಂದಿದೀಯಾ?”

ಕ್ಲಾಸು ಗೊಳ್ಳೆಂದಿತು. ಬೆಳಿಗ್ಗೆ ಹಣ್ಣು ತಿಂದೇ ಬಂದಿದ್ದೆ.

“ಹಣ್ಣಿನ ಹೆಸರು ದೇಶಕ್ಕೆ ಇಡ್ತಾರಾ? ಯಾರು ಹೇಳಿದ್ದು ನಿಂಗೆ?”

“ನಮ್ಮಪ್ಪ, ಮಿಸ್. ನಮ್ಮಜ್ಜಿ ಊರಲ್ಲಿ ಬಂಡೆ ಮೇಲೆ ಬರೆದಿದೆ.”

“ನಿಮ್ಮ ಕಡೆಯೋರು ಬಂಡೆ ಮೇಲೆ ಏನೇನೋ ಬರ್ಕೋತಾರೆ. ಕೂತ್ಕೋ.”

ನಿಮ್ಮ ಕಡೆಯೋರು. ಆ ಮಾತನ್ನು ಬೇರೆ ಬೇರೆ ಬಾಯಲ್ಲಿ, ಬೇರೆ ಬೇರೆ ನೆಪದಲ್ಲಿ ಅಷ್ಟು ಹೊತ್ತಿಗಾಗಲೇ ಕೇಳಿದ್ದೆ. ಅದು ಊರಿನ ಮಾತಲ್ಲ, ಜಾತಿಯ ಮಾತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ.

“ಕೂತ್ಕೊಳ್ಳಲ್ಲ ಮಿಸ್. ನಾನು ಹೇಳಿದ್ದು ಸರಿ ಇದೆ.”

“ಹಾಗಾದ್ರೆ ನಿಂತಿರು.”

ನಿಂತೆ. ಗಂಟೆ ಹೊಡೆಯುವವರೆಗೂ ನಿಂತೆ. ಮಾರನೆಯ ದಿನ ಸಮಾಜದ ಪೀರಿಯಡ್ ಬಂದಾಗ ಯಾರೂ ಹೇಳದಿದ್ದರೂ ಎದ್ದು ನಿಂತೆ. ಅದರ ಮಾರನೆಯ ದಿನವೂ. ಮಿಸ್ ಮೊದಮೊದಲು ಗದರಿದರು. ಆಮೇಲೆ ನಾನು ಒಂದು ಕಿಟಕಿಯೋ ಬೀರುವೋ ಎಂಬಂತೆ ಪಾಠ ಮಾಡತೊಡಗಿದರು. ಹಿಂದಿನ ಬೆಂಚಿನವರು, “ನೇರಳೆ ದೇಶಕ್ಕೆ ಬಸ್ ಎಷ್ಟೊತ್ತಿಗೆ?” ಎಂದು ಕಿಚಾಯಿಸುತ್ತಿದ್ದರು. ಪುಸ್ತಕ ಕೈಯಲ್ಲೇ ಹಿಡಿದು ನೋಟ್ಸ್ ಬರೆಯುವುದನ್ನು ಕಲಿತೆ.

ಸಂಜೆ ಅಜ್ಜಿ ನನ್ನ ಮೀನಖಂಡಕ್ಕೆ ಹರಳೆಣ್ಣೆ ತಿಕ್ಕುವಳು. ಅಮ್ಮ ಮಾತ್ರ, “ಕೂತ್ಕೊಂಡು ಪಾಠ ಕೇಳಬಾರ್ದಾ? ಮಾರ್ಕ್ಸ್ ಅವರ ಕೈಲಿದೆ” ಎಂದು ಗೊಣಗುವಳು. ಅಜ್ಜಿ ಅವಳನ್ನು ಸುಮ್ಮನಾಗಿಸಿ ನನಗೆ ಹೇಳಿದಳು: “ನಿಂತ್ಕೊ. ಆ ಬಂಡೆ ಯಾವ ಕಾಲದಿಂದ್ಲೋ ಬಿಸಿಲಾಗೆ ನಿಂತೈತೆ. ನಿನಗೇನು, ಫ್ಯಾನ್ ಐತೆ.”

ಅಷ್ಟರಲ್ಲಿ ಶ್ರಾವಣ ಬಂತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ವಸುಧಾ. ಚಾಮರಾಜಪೇಟೆಯಲ್ಲೇ ಅವರ ಮನೆ, ತಾತ ದಿನವೂ ಗಂಟೆಗಟ್ಟಲೆ ಪೂಜೆ ಮಾಡುವವರು. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಡಬ್ಬಿಯಲ್ಲಿ ಸಜ್ಜಪ್ಪ ತುಂಬಿಕೊಂಡು ಓಡೋಡಿ ಬಂದಳು.

“ಸುಜಾತಾ, ನಮ್ ತಾತ ನಿನ್ ದೇಶದ ಹೆಸರು ಹೇಳ್ತಾರೆ ಕಣೇ! ಪೂಜೆಗೆ ಕೂತಾಗ ಸಂಕಲ್ಪ ಮಾಡ್ತಾರಲ್ಲ, ಅದ್ರಲ್ಲಿ. ಜಂಬೂದ್ವೀಪೇ ಭರತವರ್ಷೇ ಭರತಖಂಡೇ ಅಂತ. ದಿನಾ ಕೇಳ್ತಿದ್ದೆ, ಈಗ ಕಿವಿಗೆ ಬಿತ್ತು.”

“ನಿಮ್ಮನೇಲೂ ಅದೇ ಹೆಸರಾ?”

“ಅದೇ!”

ಇಬ್ಬರೂ ಬಾಯಿಗೆ ಸಜ್ಜಪ್ಪ ತುರುಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಶಾಲೆಯಲ್ಲಿ ನಾವು ಡಬ್ಬಿ ಹಂಚಿಕೊಂಡರೂ ಎರಡು ಮನೆಗಳ ಮಧ್ಯೆ ನೀರಿನ ಲೋಟವೂ ದಾಟದ ಕಾಲ ಅದು. ಒಂದು ಹೆಸರು ಮಾತ್ರ ಯಾರನ್ನೂ ಕೇಳದೆ ಎರಡೂ ಕಡೆ ವಾಸವಾಗಿತ್ತು.

ಆ ದಿನ ಸಮಾಜದ ಪೀರಿಯಡ್‌ನಲ್ಲಿ ನನ್ನ ಜೊತೆ ವಸುಧಾನೂ ಎದ್ದು ನಿಂತಳು. ತಾತನ ಸಂಕಲ್ಪವನ್ನು ತಾತನದೇ ರಾಗದಲ್ಲಿ ಹೇಳಿದಳು. ಕಮಲಾಕ್ಷಿ ಮಿಸ್ ತುಟಿ ತಮಗೆ ಗೊತ್ತಿಲ್ಲದಂತೆಯೇ ಅವಳ ಜೊತೆಗೆ ಅಲುಗಿತು. ಮಿಸ್ ಮನೆಯಲ್ಲೂ ಅದು ದಿನವೂ ಕೇಳುತ್ತಿದ್ದ ಸಾಲೇ ಇರಬೇಕು. ತಿರುಗಿ, ಬೋರ್ಡಿನ ಮೇಲೆ ಜಂಬೂದ್ವೀಪ ಎಂದು ಬರೆದರು. ಪಕ್ಕದಲ್ಲಿ ‘ಸಂಕಲ್ಪದಲ್ಲಿ ಬರುತ್ತದೆ’ ಎಂದೂ ಬರೆದರು.

“ಚೆನ್ನಾಗಿ ಹೇಳಿದೆ ವಸುಧಾ. ಇಬ್ರೂ ಕೂತ್ಕೊಳ್ಳಿ.”

ವಸುಧಾ ಕೂತಳು. ನಾನು ಕೂರಲಿಲ್ಲ.

“ಇನ್ನೇನೇ ನಿಂದು? ಬರೆದಾಯ್ತಲ್ಲ?”

“ಬಂಡೇದು ಬರೀಲಿಲ್ಲ ಮಿಸ್. ನಾನು ಮೊದಲು ಹೇಳಿದ್ದು ಅದೇ.”

ಮಿಸ್ ಸೀಮೆಸುಣ್ಣ ಮೇಜಿನ ಮೇಲೆ ಇಟ್ಟರು. “ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.”

ಅಪ್ಪ ಕಚೇರಿಗೆ ಒಂದು ಗಂಟೆ ಪರ್ಮಿಷನ್ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದರು. ಸ್ಟಾಫ್‌ರೂಮಿನ ಬಾಗಿಲಲ್ಲಿ ನಾನು ಅವರ ಪಕ್ಕ ನಿಂತಿದ್ದೆ. “ನಿಮ್ಮ ಮಗಳಿಗೆ ಹಟ ಜಾಸ್ತಿ. ಹೀಗೆ ಬೆಳೆಸಿದ್ರೆ ಮುಂದೆ ಕಷ್ಟ” ಎಂದರು ಮಿಸ್.

ಅಪ್ಪ ಕೈಮುಗಿದೇ ಹೇಳಿದರು. “ಹಟ ಇರೋದು ನಿಜ ಮೇಡಂ. ಅವಳು ಹೇಳಿದ್ದು ತಪ್ಪಾಗಿದ್ರೆ ಹೇಳಿ, ಈಗ್ಲೇ ಕೂರಿಸ್ತೀನಿ. ಸರಿ ಇದ್ರೆ, ಅವಳಿಗೆ ಕೂತ್ಕೋ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.”

ಅಪ್ಪನ ದನಿ ಏರಲಿಲ್ಲ. ಅಧಿಕಾರದಲ್ಲಿರುವ ಯಾರ ಎದುರೂ ಅವರು ಹಾಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಿಸ್, “ನೀವು ಹೋಗ್ಬನ್ನಿ” ಎಂದಷ್ಟೇ ಅಂದರು.

ಅಂದಿನ ಪೀರಿಯಡ್‌ಗೆ ನಾನು ಎಂದಿನಂತೆ ಎದ್ದು ನಿಂತೆ. ಮಿಸ್ ಹಾಜರಿ ಮುಗಿಸಿ ಸೀಮೆಸುಣ್ಣವನ್ನು ನನ್ನತ್ತ ಚಾಚಿದರು. “ಬಾ. ನೀನೇ ಬರಿ.”

ಬೋರ್ಡಿನ ಮೇಲ್ಭಾಗ ಎಟುಕಲಿಲ್ಲ. ಎಟುಕಿದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಜಂಬೂದ್ವೀಪ. ನಮ್ಮ ಅಜ್ಜಿಯ ಊರಿನ ಬಂಡೆಯ ಮೇಲಿದೆ. ಮಿಸ್ ಅದನ್ನು ಅಳಿಸದೆ ಮುಂದಿನ ಪಾಠಕ್ಕೆ ಹೋದರು. ನಾನು ಹೋಗಿ ಕೂತೆ. ಬೆಂಚು ಅಷ್ಟು ಹಿತವಾಗಿರಬಹುದು ಎಂದು ಗೊತ್ತೇ ಇರಲಿಲ್ಲ. ಮಿಸ್‌ಗೆ ನನ್ನ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆದರೆ ನಿಮ್ಮ ಕಡೆಯೋರು ಎಂಬ ಮಾತು ಆ ಕ್ಲಾಸಿನಲ್ಲಿ ಮತ್ತೆ ಅವರ ಬಾಯಿಂದ ಬರಲಿಲ್ಲ.

ಈಗ ದೇಶದ ಹೆಸರು ಮತ್ತೆ ಚರ್ಚೆಗೆ ಬಂದಿದೆ. ಭಾರತವೋ ಇಂಡಿಯಾವೋ, ಒಂದು ಹೇಳು ಎಂದು ಟಿವಿಯಲ್ಲಿ ಕಿರುಚುತ್ತಾರೆ. ನಮ್ಮ ಶಾಲೆಯ ಗೆಳತಿಯರ ವಾಟ್ಸ್ಯಾಪ್ ಗ್ರೂಪಿನಲ್ಲೂ ಈ ಜಗಳ ಹತ್ತಿಕೊಂಡಿತು. ಯಾರೋ ಯಾರನ್ನೋ ದೇಶದ್ರೋಹಿ ಎಂದರು, ಯಾರೋ ಗ್ರೂಪು ಬಿಟ್ಟು ಹೋದರು. ನಾನು ಜಂಬೂದ್ವೀಪದ ಕಥೆ ಬರೆದು ಹಾಕಿದೆ. ಉತ್ತರ ಬಂದದ್ದು ವಸುಧಾಳಿಂದ ಮಾತ್ರ, ಅದೂ ಗ್ರೂಪಿನಲ್ಲಲ್ಲ, ನನಗೊಬ್ಬಳಿಗೇ: “ಈಗ ಅದೆಲ್ಲ ಯಾಕೆ ಬಿಡೇ. ಸುಮ್ನೆ ಇರೋದು ವಾಸಿ.”

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ಗಿರಣಿಯ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಅವನ್ನೆಲ್ಲ ಹೇಗೋ ತಾಳಿಕೊಂಡಿದ್ದೇನೆ. ಆದರೆ ಆವತ್ತು ಆ ಕ್ಲಾಸಿನಲ್ಲಿ ಅವಮಾನ ಮಾಡಿದವರೂ, ಅವಮಾನ ಪಟ್ಟವಳೂ, ಜೊತೆ ಕೊಟ್ಟವಳೂ ಒಂದೇ ಕೋಣೆಯಲ್ಲಿದ್ದೆವು. ಮುಖ ನೋಡದೆ ವಿಧಿಯಿರಲಿಲ್ಲ. ಜಗಳ ಮುಗಿಯುವವರೆಗೂ ಯಾರೂ ಬಾಗಿಲು ದಾಟಿ ಹೋಗುವಂತಿರಲಿಲ್ಲ. ನಿಜಕ್ಕೂ ನಾವು ಕಳೆದುಕೊಂಡದ್ದು ಆ ಕೋಣೆಯನ್ನು.

“ಬಿಡಲ್ಲ ಕಣೇ” ಎಂದು ವಸುಧಾಳಿಗೆ ಬರೆದೆ. “ಭಾನುವಾರ ನಿಮ್ಮನೆಗೆ ಬರ್ತೀನಿ. ಎದುರಿಗೇ ಕೂತು ಜಗಳ ಆಡೋಣ.”