ಅಪ್ಪನ ಮೊದಲ ಹೆಂಡತಿಯ ಮಗಳು

ಅಕ್ಕನ ಮುಂಗೈ ನರಗಳು ಹುರಿಹಗ್ಗದಂತೆ ಉಬ್ಬಿರುತ್ತಿದ್ದವು. ಕರಜಗಿಯ ಗಂಡನ ಮನೆಯ ಕಬ್ಬಿನಲ್ಲಿ ರವದಿ, ಒಣಗಿದ ಗರಿ, ಸುಲಿದು ಸುಲಿದು ಎರಡೂ ಕೈತುಂಬ ಗೀರು. ಅವಳು ಅಪ್ಪನ ಮೊದಲ ಹೆಂಡತಿಯ ಮಗಳು. ನಾನು ಹುಟ್ಟಿದ ವರ್ಷವೇ ನನ್ನ ಅವ್ವ ಅವಳನ್ನು ಅತನೂರಿಗೆ, ಸೋದರಮಾವನ ಮನೆಗೆ ಕಳಿಸಿಬಿಟ್ಟಳು. ಹಬ್ಬಕ್ಕೂ ಕರೆಯಲಿಲ್ಲ. ಅಪ್ಪ ತೀರಿದ ಮೇಲೂ ಅಕ್ಕ ವರ್ಷಕ್ಕೊಮ್ಮೆ ಆಳಂದದ ನಮ್ಮ ಮನೆಗೆ ಬಂದು, ಪಡಸಾಲೆಯ ಅಂಚಿನಲ್ಲಿ ಕೂತು, ನನ್ನ ಕೈಗೆ ಶೇಂಗಾ ಹೋಳಿಗೆಯ ಗಂಟು ಕೊಟ್ಟು, "ಹುಷಾರ್ ಇರು ತಮ್ಮಾ" ಎಂದು ಎದ್ದುಬಿಡುತ್ತಿದ್ದಳು. ನೀರು ಕೂಡ ಕುಡಿಯುತ್ತಿರಲಿಲ್ಲ.

ನನಗೆ ರಕ್ತದ ಕ್ಯಾನ್ಸರ್ ಬಂದಾಗ, ರಕ್ತ ಹುಟ್ಟಿಸುವ ಕಾಂಡಕೋಶವನ್ನು ಬೇರೆಯವರಿಂದ ತೆಗೆದು ಹಾಕದೆ ದಾರಿಯಿಲ್ಲ ಎಂದರು ಹೈದರಾಬಾದಿನಲ್ಲಿ. ಅವ್ವನದು ಹೃದಯದ ಕಾಯಿಲೆ, ಅವಳಿಂದ ತೆಗೆಯುವಂತಿರಲಿಲ್ಲ. ಉಳಿದವಳು ಅಕ್ಕ. ಅವ್ವ ಕರಜಗಿಗೆ ಹೋಗಿ ಅವಳ ಹೊಸ್ತಿಲಾಚೆ ನಿಂತಳಂತೆ. ಅಕ್ಕ ಬಂದಳು. ಪರೀಕ್ಷೆಯಲ್ಲಿ ಅವಳದು ಅರ್ಧ ಹೊಂದಿತು. ಅಷ್ಟು ಸಾಕು ಎಂದರು.

ಬೀದರ ಕಡೆಯ ಡಾಕ್ಟರೊಬ್ಬರು ಅವಳನ್ನು ಕೂಡಿಸಿಕೊಂಡು ಎಲ್ಲ ತಿಳಿಸಿದರು. ಐದು ದಿನ ಇಂಜೆಕ್ಷನ್, ಎಲುಬೆಲ್ಲ ನೋಯುತ್ತವೆ. ಆಮೇಲೆ ಒಂದು ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ಕಾಂಡಕೋಶ ಬೇರ್ಪಡಿಸಿ, ಉಳಿದದ್ದನ್ನು ಇನ್ನೊಂದು ಕೈಗೆ ಬಿಡುತ್ತಾರೆ. ಬೆನ್ನೆಲುಬು ಮುಟ್ಟುವುದಿಲ್ಲ. ಕೊನೆಗೆ ದನಿ ತಗ್ಗಿಸಿದರು.

"ಇವತ್ತ್ ಬ್ಯಾಡ ಅಂದ್ರೂ ನಡೀತದವ್ವಾ. ನಾಳಿಂದ ಇವನ ಮಜ್ಜೆ ಸುಡೋ ಔಷಧ ಶುರು ಆಗ್ತದ. ಆಮ್ಯಾಲ ನೀವು ಬಿಟ್ಟು ಹೋದ್ರ ಇಂವ ಉಳಿಯಂಗಿಲ್ಲ."

"ಹೂಂರಿ" ಎಂದಳು ಅಕ್ಕ.

ನನ್ನನ್ನು ಗಾಜಿನ ಕೋಣೆಗೆ ಹಾಕಿದರು. ಬಾಯೆಲ್ಲ ಹುಣ್ಣಾಯಿತು. ದಿನವೂ ಗಾಜಿನಾಚೆ ಬಂದು ನಿಲ್ಲುತ್ತಿದ್ದ ಅಕ್ಕ ನಾಲ್ಕನೆಯ ಇಂಜೆಕ್ಷನ್ನಿನ ದಿನ ಬರಲಿಲ್ಲ. ಅವ್ವ ಗಾಜಿನಾಚೆಯಿಂದ ಫೋನಿನಲ್ಲಿ ಹೇಳಿದಳು: ಟೊಂಕದ ನೋವಿಗೆ ಅಕ್ಕ ನಿದ್ದೆಯೇ ಮಾಡಿರಲಿಲ್ಲ, ಬೆಳಿಗ್ಗೆ ಅವಳ ಅತ್ತೆ ಫೋನು ಮಾಡಿ, "ಎಲುಬು ತೂತು ಮಾಡಿಸ್ಕೊಂಡು ಬರಬ್ಯಾಡ, ಈಗಿಂದೀಗ ಬಾ" ಅಂದಳಂತೆ. ಅಕ್ಕನ ಚೀಲವೂ ಇರಲಿಲ್ಲ.

ಮಧ್ಯಾಹ್ನವಾಯಿತು. ನನ್ನ ಬಿಳಿ ರಕ್ತಕಣ ಸೊನ್ನೆಯ ಹತ್ತಿರ ಬಂದಿವೆ ಎಂದು ನರ್ಸು ಬರೆದುಕೊಂಡಳು. ಡಾಕ್ಟರು ಎರಡು ಸಲ ಬಾಗಿಲವರೆಗೆ ಬಂದು ತಿರುಗಿದರು. ಅವ್ವ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊತ್ತು ಇಳಿಯುವಾಗ ಅಕ್ಕ ಬಂದಳು. ಚೀಲ ಹೆಗಲಲ್ಲೇ ಇತ್ತು. ಅವ್ವನ ಮುಖ ನೋಡದೆ ಫೋನು ತೆಗೆದುಕೊಂಡಳು.

"ಬಸ್ ಹತ್ತಿದ್ನೋ ತಮ್ಮಾ. ಸುಳ್ಳ್ಯಾಕ ಹೇಳ್ಲಿ? ಟಿಕೀಟೂ ತಗಿಸಿದ್ದೆ. ಊರು ದಾಟಿದ ಮ್ಯಾಲ ಇಳದು ಬಂದೆ."

"ಯಾಕಕ್ಕಾ?"

"ಸುಮ್ನ ಮಲ್ಕೊ" ಎಂದಳು.

ಐದನೆಯ ಇಂಜೆಕ್ಷನ್ನೂ ಮುಗಿದ ಮೇಲೆ ಅವಳ ಎರಡೂ ಕೈಗೆ ಸೂಜಿ ಚುಚ್ಚಿದರು. ಐದು ತಾಸು ಕೈ ಮಡಚುವಂತಿರಲಿಲ್ಲ. "ತುಟಿ ಮ್ಯಾಲ ಇರಿವಿ ಹರಿದಾಡಿದಂಗ ಆಗಾಕತ್ತದ್ರಿ" ಎಂದಾಗ ಕ್ಯಾಲ್ಸಿಯಂ ಕೊಟ್ಟರಂತೆ. ಸಂಜೆ ಒಂದು ಸಣ್ಣ ಚೀಲದಿಂದ ಅವಳು ನನ್ನೊಳಗೆ ಹನಿಹನಿಯಾಗಿ ಇಳಿದಳು. ವಾರದಲ್ಲಿ ಅವಳು ಹೊಲಕ್ಕೆ ಹೋದಳು. ಮುಂದೆ ನನ್ನ ರಕ್ತದ ಗುಂಪೂ ಅವಳದೇ ಆಯಿತು.

ಮೂರು ವರ್ಷದ ಮೇಲೆ ಡೆಂಗಿ ಜ್ವರ ಬಂದು, ಕಲಬುರಗಿಗೆ ಒಯ್ಯುವುದು ತಡವಾಗಿ ಅಕ್ಕ ಹೋಗಿಬಿಟ್ಟಳು. ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಕರಜಗಿಯ ಅಂಗಳದಲ್ಲಿ ಅವಳ ಅತ್ತೆ ನನ್ನ ತೋಳು ಹಿಡಿದಳು.

"ಅಕಿ ರಗತ ನಿನ್ನ ಮೈಯಾಗ ತಿರಗಾಕತ್ತದ. ಅಕಿ ನೋಡು, ಮಣ್ಣಿಗಿ ಹೊಂಟಾಳ."

ಅಷ್ಟರಲ್ಲಿ ಅವ್ವ ಮಂದಿಯನ್ನು ಸರಿಸಿ ಮುಂದೆ ಹೋಗಿ ಕೂತಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಣ ಎತ್ತುವವರೆಗೂ ಬೆರಳಿನಿಂದ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಅಕ್ಕ ಬದುಕಿದ್ದಾಗ ಅವ್ವ ಅವಳ ತಲೆ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.