ಮುರುಗೇಂದ್ರಪ್ಪನವರು ಬೆಂಗಳೂರಲ್ಲಿ ಉಂಡ ಊಟ

ಬೆಂಗಳೂರಿನ ಬಗ್ಗೆ ನಮ್ಮ ಭಾವ ಮುರುಗೇಂದ್ರಪ್ಪನವರಿಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಕೊರತೆ ಅಂದರೆ ಒಂದೇ, ಆ ಊರನ್ನು ಅವರು ನೋಡಿರಲಿಲ್ಲ. ವಯಸ್ಸಿನಲ್ಲಿ ಒಮ್ಮೆ ಹೋಗಿದ್ದೇನೋ ಉಂಟು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಸ್ವಲ್ಪ ಒರಗಿ ಎದ್ದು ನೋಡಿದರೆ ಹೊಸ ಚಪ್ಪಲಿ ಮಾಯ. ಬರಿಗಾಲಲ್ಲೇ ಸಿಕ್ಕಿದ ಬಸ್ಸು ಹತ್ತಿ ಚಳ್ಳಕೆರೆಗೆ ವಾಪಸ್ಸಾದರು. ಆ ಅರ್ಧ ದಿನದ ಅನುಭವವನ್ನೇ ಅರೆದು ಅರೆದು ಇಪ್ಪತ್ತು ವರ್ಷ ಊರಿಗೆಲ್ಲ ಬಡಿಸಿದರು.

ಚಳ್ಳಕೆರೆಯಲ್ಲಿ ಅವರದು ಶೇಂಗಾ ಮಂಡಿ. ಬೆಳಗಿನ ವ್ಯಾಪಾರ ಮುಗಿದ ಮೇಲೆ ಖಾಲಿ ಚೀಲಗಳ ಅಟ್ಟಿಯ ಮೇಲೆ ನಾಲ್ಕು ಜನ ಸೇರುತ್ತಿದ್ದರು. ತೊಂಬತ್ತರ ದಶಕದ ಕೊನೆ, ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕೆಲಸ ಕಮ್ಮಿ, ಬಾಯಿಗೆ ಪುರುಸೊತ್ತು ಜಾಸ್ತಿ.

"ಅಲ್ಲಿ ಕುಡಿಯೋ ನೀರನ್ನೂ ಕೊಂಡು ಕುಡೀತಾರಂತೆ ಕಣ್ರೀ. ಹೋಟ್ಲಾಗೆ ಅನ್ನಕ್ಕೂ ಸೋಡಾ ಹಾಕ್ತಾರೆ. ಆಟೋ ಹತ್ತಿದ್ರೆ ಜೇಬಿಗೆ ಕತ್ತರಿ. ಪಕ್ಕದ ಮನೆಯೋನು ಸತ್ರೆ ನಾತ ಬಂದ ಮೇಲೇ ಗೊತ್ತಾಗೋದು," ಅನ್ನುವರು ಭಾವ.

ಅವರಿಗೆ ಎದುರು ನಿಲ್ಲುತ್ತಿದ್ದವನು ಬಟ್ಟೆ ಅಂಗಡಿ ಅಮರೇಶ. ಮಾಲು ತರಲು ತಿಂಗಳಿಗೊಮ್ಮೆ ಚಿಕ್ಕಪೇಟೆಗೆ ಹೋಗಿ ಬರುವವನು. ಅವನ ಪಾಲಿಗೆ ಬೆಂಗಳೂರೇ ಕೈಲಾಸ. "ನೀವು ಏನಾದ್ರೂ ಅನ್ರಿ ಅಣ್ಣಾ, ಅಲ್ಲಿ ರಸ್ತೇಲಿ ಬಿದ್ರೂ ಬಟ್ಟೆ ಮಣ್ಣಾಗಲ್ಲ," ಅನ್ನುವನು. ಚಿಕ್ಕಪೇಟೆಯ ಎರಡು ಗಲ್ಲಿ, ಒಂದು ತಿಗಣೆ ಲಾಡ್ಜು ಬಿಟ್ಟರೆ ಅವನು ಕಂಡಿದ್ದೂ ಅಷ್ಟರಲ್ಲೇ ಇತ್ತು. ಒಬ್ಬರು ತೆಗಳುವುದು, ಇನ್ನೊಬ್ಬ ಹೊಗಳುವುದು, ಮಿಕ್ಕವರು ಇಬ್ಬರಿಗೂ ತಲೆಯಾಡಿಸುವುದು. ನಾನು ಕೊಂಡ್ಲಹಳ್ಳಿಯ ಚಿಕ್ಕೀರಪ್ಪ, ಭಾವನ ಹೆಂಡತಿ ಲಕ್ಷ್ಮೀದೇವಿಯ ತಮ್ಮ. ಶೇಂಗಾ ತಂದಾಗಲೆಲ್ಲ ಆ ಅಟ್ಟಿಯ ಮೇಲೆ ಕೂತು ಈ ಪುರಾಣ ಕೇಳುವುದು ನನ್ನ ಕರ್ಮ. ಕೇಳಿ ಕೇಳಿ ನನಗೆ ಓಕರಿಕೆ ಬಂದಿತ್ತು.

ಇಂಥವರ ಮನೆಗೇ ಬೆಂಗಳೂರಿನ ಸಂಬಂಧ ಬಂತು. ಭಾವನ ಒಬ್ಬಳೇ ಮಗಳು ಶಿಲ್ಪಾ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ ಎಣ್ಣೆ ಮಿಲ್ಲಿನವರ ಹುಡುಗನನ್ನು ಭಾವ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದರು. ಹುಡುಗನಿಗೆ ಮಾತು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಮನೆ ಮಾತ್ರ ಮಂಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಷ್ಟರಲ್ಲಿ ಭಾವನ ಅಕ್ಕ ಕಮಲಾಕ್ಷಮ್ಮ ಮೊಳಕಾಲ್ಮೂರಿನಿಂದ ಬೇರೆ ಸಂಬಂಧ ಹೊತ್ತು ಬಂದು ಕೂತರು. ಹುಡುಗ ಸಂಗಮೇಶ್, ಬೆಂಗಳೂರಲ್ಲಿ ಬ್ಯಾಂಕ್ ಗುಮಾಸ್ತ. ತಂದೆ ಇಲ್ಲ, ತಾಯಿ ಜಗದಾಂಬ ಹಿರಿಯೂರು ಕಡೆಯವರು. ಮೊಳಕಾಲ್ಮೂರಿನ ಒಂದು ಮದುವೆಯಲ್ಲಿ ತಾಯಿ ಮಗ ಇಬ್ಬರೂ ಶಿಲ್ಪಾಳನ್ನು ನೋಡಿ ಒಪ್ಪಿದ್ದರು. ಶಿಲ್ಪಾನೂ ನೋಡಿದ್ದಳು.

"ಆ ಹಾಳೂರಿಗೆ ನನ್ನ ಮಗಳ್ನಾ? ಆಗದ ಮಾತು," ಅಂದರು ಭಾವ.

ಕಮಲಾಕ್ಷಮ್ಮ ತೆಲುಗು ಬೆರೆಸಿ ಮಾತಾಡುವವರು, ಸಿಟ್ಟು ಬಂದರಂತೂ ಕೇಳಲೇಬೇಡಿ. "ಏರಾ, ಮನೆ ನೋಡ್ದೇನೆ ಬ್ಯಾಡ ಅಂಬೋದು ಯಾವ ಸೀಮೆ ಪದ್ಧತಿಯೋ? ಹೋಗಿ ನೋಡು. ಹಿಡಿಸ್ಲಿಲ್ಲ ಅಂದ್ರೆ ಉಪ್ಪು ಮುಟ್ದಂಗೆ ಎದ್ದು ಬಾ."

ಇದು ನಮ್ಮ ಕಡೆಯ ಪದ್ಧತಿ. ಹೆಣ್ಣಿನವರು ಗಂಡಿನ ಮನೆ ನೋಡಲು ಹೋದಾಗ ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಉಪ್ಪು ಬಿದ್ದ ಪದಾರ್ಥ ಮುಟ್ಟುವಂತಿಲ್ಲ. ಮುಟ್ಟಿದರೆ ಹೆಣ್ಣು ಕೊಟ್ಟ ಹಾಗೆ, ಆಮೇಲೆ ಮಾತಿಲ್ಲ. ಮನೆ ಹಿಡಿಸದಿದ್ದವರು ಕಾಫಿ ಕುಡಿದು ಎದ್ದು ಬರುತ್ತಾರೆ, ಯಾರ ಮುಖಕ್ಕೂ ಹೊಡೆದಂತಾಗುವುದಿಲ್ಲ. ಇದೊಂದು ವಿಷಯದಲ್ಲಿ ನಮ್ಮ ಹಿರಿಯರು ಬುದ್ಧಿ ಉಪಯೋಗಿಸಿದ್ದಾರೆ.

ಶಿಲ್ಪಾ ನನ್ನನ್ನು ಹಿತ್ತಲಿಗೆ ಕರೆದಳು. "ಮಾಮ, ನೀವೂ ಜೊತೆಗೆ ಹೋಗ್ರಿ. ಅಪ್ಪಾರು ಬ್ಯಾಡ ಅನ್ನೋಕೇ ಹೋಗ್ತಿರೋದು."

"ಆ ಊರಾಗೆ ಅಂಥದ್ದೇನೈತೆ ಅಂತ ನಿನಗಿಷ್ಟು ಹುಚ್ಚು?"

"ಏನೂ ಇಲ್ಲ ಬಿಡ್ರಿ. ಇಲ್ಲಿ ನಾನು ಒಂದು ಪೆನ್ನು ತರೋಕೆ ಪೇಟೆಗೆ ಹೋದ್ರೆ, ಮನೆ ಸೇರೋದ್ರಾಗೆ ಮಂಡಿಗೆ ಸುದ್ದಿ ಮುಟ್ಟಿರ್ತೈತೆ. ಯಾರ ಜೊತೆ ನಿಂತಿದ್ಲು, ಯಾಕೆ ನಕ್ಕಳು. ಆ ಎಣ್ಣೆ ಮಿಲ್ಲಿನ ಮನೆಗೆ ಹೋದ್ರೂ ಸಾಯೋವರೆಗೂ ಇದೇ. ನಾನು ಯಾರ ಮಗಳು ಅಂತ ಯಾರಿಗೂ ಗೊತ್ತಿಲ್ದಿರೋ ರಸ್ತೇಲಿ ನಡೀಬೇಕು ಮಾಮ. ಅಷ್ಟೇ." ಅವಳ ಕಣ್ಣು ತುಂಬಿತ್ತು. ನಾನು ಹೋಗುತ್ತೇನೆ ಅಂದೆ.

ಬಸ್‌ಸ್ಟ್ಯಾಂಡಿಗೇ ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಗಂಡಿನವರು ಫೋನು ಮಾಡಿ ಹೇಳಿದ್ದರು. ಭಾವ ಕೇಳಬೇಕಲ್ಲ. "ಹೇಳಿ ಹೋದ್ರೆ ಬಾಡಿಗೆ ಸೋಫಾ ತಂದಿಡ್ತಾರೆ ಕಣೋ. ಹೇಳ್ದೇ ಹೋಗ್ಬೇಕು," ಅಂತ ಒಂದು ಬುಧವಾರ ಮೊದಲ ಬಸ್ಸಿಗೇ ಹೊರಡಿಸಿದರು. ದಾರಿಗೆ ಅಂತ ನಮ್ಮಕ್ಕ ರೊಟ್ಟಿ ಬುತ್ತಿ ಕಟ್ಟಿದ್ದಳು. ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ಭಾವನ ಒಂದು ಕೈ ಜೇಬಿನ ಮೇಲೆ, ಎರಡು ಕಣ್ಣೂ ಚಪ್ಪಲಿಯ ಮೇಲೆ. ಬುತ್ತಿ ಬಸ್ಸಿನಲ್ಲೇ ಉಳಿಯಿತು.

ನಮಗೆ ಗೊತ್ತಿದ್ದ ವಿಳಾಸ ಬಸವೇಶ್ವರ ಬಡಾವಣೆ, ಮೂರನೇ ಮೇನು. ಆಟೋ ಬೇಡವೇ ಬೇಡ ಅಂದರು. ಸಿಟಿ ಬಸ್ಸಿನವನು ಬಸವೇಶ್ವರ ಬಡಾವಣೆ ಅಂತ ಕೂಗಿದ್ದಕ್ಕೆ ಹತ್ತಿ ಇಳಿದೆವು. ಬಸವಣ್ಣನ ಹೆಸರಿನ ಬಡಾವಣೆ ಬೆಂಗಳೂರಿನ ದಿಕ್ಕು ದಿಕ್ಕಿಗೂ ಒಂದೊಂದು ಇರುತ್ತದೆ ಅಂತ ಈ ಬೆಂಗಳೂರು ಪಂಡಿತರಿಗೆ ಹೊಳೆದಿರಲಿಲ್ಲ. ಅದು ಹಾಳಾಗಲಿ, ಮನೆ ಕೇಳುವ ರೀತಿಯಾದರೂ ನೆಟ್ಟಗಿರಬೇಕಲ್ಲ. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವನೊಬ್ಬನ ಮುಂದೆ ಹೋಗಿ ನಿಂತರು.

"ಯಜಮಾನ್ರೆ, ಬ್ಯಾಂಕಿನ ಸಂಗಮೇಶಂದು ಮನೆ ಯಾವ್ದು?"

"ಯಾವ ಸಂಗಮೇಶ್ ಸಾರ್? ಡೋರ್ ನಂಬರ್ ಹೇಳಿ."

"ನಂಬರ್ ಯಾಕಪ್ಪಾ? ಹಿರಿಯೂರು ಕಡೆಯೋರು. ತಾಯಿ ಹೆಸ್ರು ಜಗದಾಂಬ. ನಾನು ಚಳ್ಳಕೆರೆ ಮಂಡಿ ಮುರುಗೇಂದ್ರಪ್ಪ."

ಅವನು ಒಮ್ಮೆ ಮುಖ ನೋಡಿ ಮತ್ತೆ ಅಂಗಿ ಮಡಚಲು ಶುರು ಮಾಡಿದ. ಚಳ್ಳಕೆರೆಯಲ್ಲಿ ಆ ಹೆಸರು ಹೇಳಿದರೆ ಅರ್ಧ ಪೇಟೆ ಎದ್ದು ನಿಲ್ಲುತ್ತದೆ. ಇಲ್ಲಿ ಮೆಡಿಕಲ್ ಸ್ಟೋರಿನವನಿಗೆ ಹೇಳಿದರು, ಹಾಲಿನ ಬೂತಿನವಳಿಗೆ ಹೇಳಿದರು, ಗೇಟಿನ ಬಳಿ ನಿಂತಿದ್ದ ಹೆಂಗಸಿಗೆ ಹೇಳಿದರು. ಆಕೆ ಗೇಟಿಗೆ ಚಿಲಕ ಹಾಕಿಕೊಂಡು ಒಳಗೆ ಹೋದಳು. ಅಷ್ಟಾದರೂ ಇವರು ಹೆಸರು ಹೇಳುವುದನ್ನು ಬಿಡಲಿಲ್ಲ, ಹೋಗುತ್ತ ಹೋಗುತ್ತ ದನಿ ಮಾತ್ರ ಸಣ್ಣದಾಯಿತು. ಅಲ್ಲಿಂದ ಇನ್ನೊಂದು ಬಸವೇಶ್ವರ ಬಡಾವಣೆಗೆ ಹೋದೆವು, ಅದೂ ಅಲ್ಲ.

ಮಧ್ಯಾಹ್ನವಾಯಿತು. ಎದುರಿಗೇ ಹೋಟೆಲ್ಲು. "ಏನಾದ್ರೂ ತಿನ್ನೋಣ ಬರ್ರಿ ಭಾವ," ಅಂದೆ.

"ಸೋಡಾ," ಅಂದರು. ಇಪ್ಪತ್ತು ವರ್ಷ ಆಡಿದ ಮಾತನ್ನು ನನ್ನೆದುರು ನುಂಗಲಾರದೆ ಉಗುಳು ನುಂಗುತ್ತ ನಿಂತರು. ನನಗೇನು, ಅವರನ್ನು ಫುಟ್‌ಪಾತಿನಲ್ಲಿ ನಿಲ್ಲಿಸಿ ಒಳಗೆ ಹೋಗಿ ಇಡ್ಲಿ ತಿಂದು ಬಂದೆ. ಚೆನ್ನಾಗಿತ್ತು. ಚೆನ್ನಾಗಿತ್ತು ಅಂತ ಅವರಿಗೂ ಹೇಳಿದೆ.

ಕೊನೆಗೆ ನಾನೇ ಎಸ್‌ಟಿಡಿ ಬೂತಿನಿಂದ ಚಳ್ಳಕೆರೆಯ ಮನೆಗೆ ಫೋನು ಮಾಡಿ ಕಮಲಾಕ್ಷಮ್ಮನಿಂದ ಸರಿಯಾದ ದಾರಿ ಕೇಳಿಕೊಂಡೆ. ಮನೆ ಸಿಕ್ಕಾಗ ಭಾವನ ಮುಖ ಬಾಡಿ ಹೋಗಿತ್ತು. ಮಹಡಿಯ ಮೇಲಿನ ಬಾಡಿಗೆ ಮನೆ. ಸಂಗಮೇಶ್ ಬ್ಯಾಂಕಿಗೆ ಹೋಗಿದ್ದ. ಜಗದಾಂಬ ಒಬ್ಬರೇ ಇದ್ದರು.

"ಅಯ್ಯೋ, ಬರ್ರಿ ಅಣ್ಣಾ. ಹೇಳಿದ್ರೆ ಹುಡುಗ ಬರ್ತಿದ್ನಲ್ಲ," ಅಂತ ನೀರು ತಂದಿಟ್ಟರು.

ನಿಲ್ಲಲು ತ್ರಾಣವಿಲ್ಲದಿದ್ದರೂ ಭಾವ ತನಿಖೆ ಬಿಡಲಿಲ್ಲ. ಗೋಡೆ ಬಡಿದು ನೋಡಿದರು. "ಹಿತ್ತಲು ಎಲ್ಲೈತೆ ತಾಯಿ?"

"ಮಹಡಿ ಮನೆಗೆ ಹಿತ್ತಲು ಎಲ್ಲಿಂದ ತರೋಣ ಅಣ್ಣಾ?"

ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಗೆದ್ದೆ ಅನ್ನುವ ನೋಟ. ಇನ್ನು ಕಾಫಿ ಕುಡಿದು ಎದ್ದರೆ ಮುಗಿಯಿತು. ಶಿಲ್ಪಾಳ ಮುಖ ನೆನೆದು ನನಗೆ ಸಂಕಟವಾಯಿತು.

ಆಗ ಒಳಗಿನಿಂದ ಶೇಂಗಾ ಚಟ್ನಿಯ ವಾಸನೆ ಬಂತು. ಜಗದಾಂಬ ಆಗಷ್ಟೇ ಊಟಕ್ಕೆ ಕೂರುವವರಿದ್ದರಂತೆ, ಹಂಚಿನ ಮೇಲೆ ಸಜ್ಜೆ ರೊಟ್ಟಿ ಇತ್ತು. ಕಾಫಿಯ ಜೊತೆಗೆ ಒಂದು ತಟ್ಟೆಯನ್ನೂ ತಂದು ನಮ್ಮಿಬ್ಬರ ನಡುವೆ ಇಟ್ಟರು. "ಉಪ್ಪಿಂದು ಐತೆ ಅಣ್ಣಾ. ಪದ್ಧತಿ ನನಗೂ ಗೊತ್ತು, ಬಲವಂತ ಮಾಡಲ್ಲ. ಹಸಿದು ಬಂದೋರ ಮುಂದೆ ಬರೀ ಕಾಫಿ ಇಡೋಕೆ ಮನಸ್ಸು ಬರ್ಲಿಲ್ಲ."

ಭಾವ ತಟ್ಟೆ ನೋಡಿದರು. ಮುಖ ತಿರುಗಿಸಿದರು. ಮತ್ತೆ ನೋಡಿದರು.

"ಭಾವ, ಉಪ್ಪು," ಅಂದೆ ನಾನು. ಅಷ್ಟರಲ್ಲಿ ಕೈ ರೊಟ್ಟಿ ಮುರಿದಾಗಿತ್ತು.

ಆಮೇಲೆ ಅವರು ತಲೆ ಎತ್ತಲಿಲ್ಲ. ಜಗದಾಂಬ ಬಿಸಿ ಬಿಸಿ ರೊಟ್ಟಿ ತಂದು ಹಾಕುತ್ತಾ ಹೋದರು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೈ ತೊಳೆದ ಮೇಲೆ, "ಇನ್ನು ನಾವು ಬೀಗರು ಅಣ್ಣಾ," ಅಂದರು. ಭಾವ ತೇಗಿದರು. ತೇಗಿದ ಮೇಲೆ ಅವರ ಮುಖದ ಬಣ್ಣ ಇಳಿಯಿತು.

ವಾಪಸ್ಸು ಹತ್ತಿದ ಬಸ್ಸು ತುಮಕೂರು ದಾಟಿತು. ಆಗ ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಚಿಕ್ಕೀರಪ್ಪಾ, ನಾವು ಬರೀ ಕಾಫಿ ಕುಡಿದು ಬಂದ್ವಿ. ಅಷ್ಟೇ ಹೇಳು."

ನನಗೆ ಮೈ ಉರಿದು ಹೋಯಿತು. "ಥೂ, ಅಮರೇಶನ ಮುಂದೆ ಸೋಲ್ಬಾರ್ದು ಅಂತ ಉಂಡಿದ್ದನ್ನ ಇಲ್ಲ ಅಂತೀರಾ? ಮಗಳ ಬಾಳಿಗಿಂತ ಆ ಅಟ್ಟಿ ಮೇಲಿನ ಹರಟೆ ದೊಡ್ಡದಾತಾ ನಿಮಗೆ?"

"ಅಮರೇಶಂದು ಬೆಂಕಿಗೆ ಬೀಳ್ಲಿ ಬಿಡೋ," ಅಂದರು. "ನೀನೇ ನೋಡ್ದೆ ಅಲ್ವಾ? ಬೆಳಿಗ್ಗೆಯಿಂದ ನನ್ನ ಹೆಸ್ರು ಹೇಳ್ಕೊಂಡು ಬೀದಿ ಬೀದಿ ತಿರುಗಿದೆ. ಒಬ್ಬನಾದ್ರೂ ಯಾರು ಏನು ಅಂದನಾ? ಅಲ್ಲಿ ನನ್ನ ಮಗಳು ಬಿದ್ರೆ ಯಾರೋ ಎತ್ತೋರು?"

ಅಷ್ಟು ವರ್ಷದಲ್ಲಿ ಬೆಂಗಳೂರಿನ ಬಗ್ಗೆ ಅವರಾಡಿದ ನಿಜವಾದ ಮಾತು ಅದೊಂದೇ. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಬಯ್ಯಲು ನಾಲಿಗೆ ಏಳಲಿಲ್ಲ. "ಯಾರಿಗೂ ಗೊತ್ತಿಲ್ದಿರೋ ಊರೇ ಬೇಕು ಅಂದ್ಲು ಭಾವ ಅವ್ಳು," ಅಂದೆ. "ಇಲ್ಲಿ ಎಲ್ರಿಗೂ ಗೊತ್ತಿದ್ದೇ ಅವ್ಳಿಗೆ ಉಸಿರು ಕಟ್ಟೈತೆ." ಅವರು ಕಿಟಕಿಯ ಕಡೆ ತಿರುಗಿ ಕೂತರು. ಹಿರಿಯೂರು ಬಂತು, ಹೋಯಿತು, ಈ ಕಡೆ ತಿರುಗಲೇ ಇಲ್ಲ.

ಮನೆ ಸೇರಿದಾಗ ರಾತ್ರಿ ಊಟದ ಹೊತ್ತು. "ಏಮೈಂದಿರಾ? ಏನಾತು ಹೇಳು," ಅಂತ ಕಮಲಾಕ್ಷಮ್ಮ ಬಾಗಿಲಲ್ಲೇ ಹಿಡಿದರು. ಭಾವ ಕಾಲು ತೊಳೆದುಕೊಂಡು ಒಳಗೆ ಬಂದರು. ಶಿಲ್ಪಾ ಮಣೆ ಹಾಕಿ ತಟ್ಟೆ ಇಟ್ಟು ಮುದ್ದೆ ಬಡಿಸಲು ಬಗ್ಗಿದಳು. ಈ ಮನುಷ್ಯ ಸುಳ್ಳು ಹೇಳಿದರೆ ಇಲ್ಲೇ ಮಾನ ತೆಗೆಯುತ್ತೇನೆ ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ.

ಭಾವ ಮಣೆಯ ಮೇಲೆ ಕೂರಲಿಲ್ಲ. "ಬ್ಯಾಡವ್ವ," ಅಂದರು. "ನಾನು ಅವರ ಮನೇಲಿ ಉಂಡೀನಿ."

ಶಿಲ್ಪಾ ಪಾತ್ರೆ ಹಿಡಿದುಕೊಂಡೇ ಅಲ್ಲೇ ಕುಸಿದು ಕೂತು ಗಳಗಳ ಅತ್ತುಬಿಟ್ಟಳು. ಅವಳು ಹಾಗೆ ಬಾಯಿಬಿಟ್ಟು ಅತ್ತಿದ್ದನ್ನು ನಾನು ಕಂಡಿರಲಿಲ್ಲ.

ಮಾರನೆಯ ದಿನ ನಾನು ಮಂಡಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿತ್ತು. ಅಮರೇಶ ಅಂಗಡಿ ಬಾಗಿಲು ಕೂಡ ತೆಗೆಯದೆ ಓಡಿ ಬಂದಿದ್ದ. ಮಿಕ್ಕವರು ನಗಲು ತಯಾರಾಗಿ ಅವನ ಮುಖವನ್ನೇ ನೋಡುತ್ತಿದ್ದರು.

"ಏನಣ್ಣಾ, ಕೊನೆಗೂ ನಮ್ಮ ಬೆಂಗ್ಳೂರೇ ಗೆಲ್ತಲ್ಲ!" ಅಂದ.

ಭಾವ ಎಣಿಸುತ್ತಿದ್ದ ಚೀಲ ಬಿಟ್ಟು ಎದ್ದು ನಿಂತರು. "ಗೆದ್ದಿಲ್ಲ ಕಣಲೇ. ನಾನು ಹೇಳ್ತಿದ್ದಕ್ಕಿಂತ ಕೆಟ್ಟೂರು ಅದು. ಅಲ್ಲಿಗೆ ನನ್ನ ಮಗಳ್ನ ಕೊಟ್ಟು ಬಂದೀನಿ. ಇವತ್ತಿಂದ ಆ ಊರಿನ ಸುದ್ದಿ ನನ್ನ ಮುಂದೆ ಯಾರೂ ಎತ್ಬ್ಯಾಡ್ರಿ."