ಎಡಗೈಯ ನಾಡಿ

ಗಂಡಸರ ನಾಡಿಯನ್ನು ಬಲಗೈಯಲ್ಲಿ ನೋಡಬೇಕು, ಹೆಂಗಸರದ್ದು ಎಡಗೈಯಲ್ಲಿ. ಇದನ್ನು ಗೊತ್ತುಮಾಡಿದ ಮಹಾನುಭಾವ ಯಾರೋ, ನನ್ನ ಬೇನೆ ಅವನ ಕೈಗೇ ಹತ್ತಬೇಕಿತ್ತು. ಹಾಗೆ ಅನ್ನಬಾರದು, ಆದರೂ ಅನ್ನುತ್ತೇನೆ.

ಕರ್ನಾಟಕ ಒಂದಾದ ಹೊಸತು. ನಾನು ರೋಣದ ದೊಡ್ಡ ಮನೆಯೊಂದರ ಸೊಸೆ. ಮನೆತುಂಬ ಮಂದಿ, ಎಲ್ಲರಿಗೂ ಜೋಳದ ರೊಟ್ಟಿ ಬಡಿಯುವವಳು ನಾನೊಬ್ಬಳೇ. ಹೆರಳು ಹಾಕಿಕೊಳ್ಳಲು ಕೈ ಎತ್ತಿದರೆ ಬಲಗೈಯ ಬೆರಳುಗಳು ಬಿಳಚಿಕೊಂಡು ತಣ್ಣಗಾಗುತ್ತಿದ್ದವು. ಆಮೇಲೆ ತಲೆಯ ಮೇಲಿನ ಕೊಡ ಹಿಡಿದರೂ ಹಾಗೇ ಆಗತೊಡಗಿತು. ಒಮ್ಮೆ ಕಾದ ಹಂಚು ತಾಗಿ ಬೊಬ್ಬೆ ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ.

"ರೊಟ್ಟಿ ತಪ್ಪಿಸಾಕ ಒಂದು ನೆವಾ ಸಿಕ್ಕೈತಿ ನೋಡು," ಎಂದರು ಅತ್ತೆ.

"ಹಂಗಾರ ನೀವ ಬಡೀರಿ ಅತ್ತಿ, ನಾ ನೆವಾ ಹಿಡಕೊಂಡು ಕುಂಡರತೀನಿ," ಎಂದೆ.

ಆದರೆ ಪಕ್ಕದ ಊರು ಸವಡಿಯಿಂದ ವೈದ್ಯರನ್ನು ಕರೆಸಿದ್ದು ಅತ್ತೆಯೇ. ಮನೆಯಲ್ಲಿ ಎಲ್ಲರನ್ನೂ ನೋಡುತ್ತಿದ್ದ ಮುದುಕರು ಅವರು. ನಾನು ಬಲಗೈ ಚಾಚಿದೆ.

"ಅದಲ್ಲವ್ವಾ, ಎಡಗೈ ಕೊಡು. ಹೆಣ್ಣಮಕ್ಕಳದು ಎಡಕ ನೋಡೂದು."

"ಬ್ಯಾನಿ ಬಲಕ ಐತ್ರಿ ಅಜ್ಜಾ."

"ಮೈ ಒಂದ, ನಾಡಿ ಒಂದ." ಎಡಗೈ ಹಿಡಿದು ಕಣ್ಣು ಮುಚ್ಚಿದರು. "ನಾಡಿ ಭಾಳ ಚಲೋ ಐತಿ. ವಾಯು ಅಷ್ಟ."

ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟಿದ್ದಾಯಿತು, ಎರಡು ಮಳೆಗಾಲ ಹೋದವು. ಪ್ರತಿ ಸಲವೂ ಎಡಗೈ, ಪ್ರತಿ ಸಲವೂ ಚಲೋ. ತೋರುಬೆರಳಿನ ತುದಿ ಕಪ್ಪಾದ ಮೇಲೆ ಗಂಡ ನನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿನ ಡಾಕ್ಟರು ಏನೂ ಕೇಳದೆ ಬಲಗೈಯನ್ನೇ ಹಿಡಿದರು. ಆಮೇಲೆ ಕುತ್ತಿಗೆಯ ಎಕ್ಸರೇ ತೆಗೆಸಿದರು.

"ಕೊಳ್ಳಿನ ಬುಡಕ ಒಂದು ಎಲುಬು ಹೆಚ್ಚಿಗಿ ಐತಿ, ಹುಟ್ಟಿದಾಗಿಂದನ ಐತಿ," ಎಂದರು. "ಕೈಗೆ ಹೋಗೋ ರಕ್ತನಾಳ ಒತ್ತಿ ಒತ್ತಿ, ಒಳಗ ರಕ್ತ ಹೆಪ್ಪುಗಟ್ಟೈತಿ. ಎಲುಬು ತಗೀಬೌದು. ಮೊದಲ ಬಂದಿದ್ರ ಕೈ ಉಳೀತಿತ್ತು. ಈಗ ಆಪರೇಶನ್ ಮಾಡಿದ್ರೂ ಭರವಸೆ ಕೊಡಾಕ ಆಗೂದಿಲ್ಲ."

"ಉಳೀಲಿಲ್ಲಂದ್ರ ಎಲ್ಲಿತನಕ ಕೊಯ್ಯತೀರಿ?" ಎಂದು ಗಂಡ ಕೇಳಿದರು.

ಡಾಕ್ಟರು ತಮ್ಮ ಮೊಣಕೈ ಮುಟ್ಟಿ ತೋರಿಸಿದರು.

ಅಲ್ಲಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷ ವೈದ್ಯರು ನನ್ನ ಬಲಗೈಯನ್ನು ಬಿಟ್ಟು ನನ್ನನ್ನು ನೋಡಿದ್ದರಲ್ಲ! ಬಸ್ಸು ಊರು ಮುಟ್ಟುವಷ್ಟರಲ್ಲಿ ಸಿಟ್ಟೂ ಇಂಗಿತು. ಉಣ್ಣುವ ಕೈ, ಕುಂಕುಮ ಇಟ್ಟುಕೊಳ್ಳುವ ಕೈ. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಳುತ್ತ ಮನೆಗೆ ಬಂದೆ.

ಆಪರೇಶನ್ನಿಗೆ ಹೊರಡುವ ಹಿಂದಿನ ಸಂಜೆ ವೈದ್ಯರು ಕರೆಯದೆಯೇ ಬಂದರು. ಅತ್ತೆ ಎಲ್ಲವನ್ನೂ ಹೇಳಿದರು. ಅವರು ನನ್ನೆದುರು ಕೂತು, ಮೊದಲ ಸಲ, ಬಲಗೈ ಕೊಡು ಎಂದರು. ಬೆರಳಿಟ್ಟು ಕಣ್ಣು ಮುಚ್ಚಿದರು. ಬೆರಳು ಸರಿಸಿದರು, ಒತ್ತಿದರು, ಮತ್ತೆ ಸರಿಸಿದರು.

"ಸಿಕ್ಕತೇನ್ರಿ ಅಜ್ಜಾ?" ಎಂದೆ.

ಅವರು ಆ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟು, ಎಡಗೈ ತೆಗೆದುಕೊಂಡರು. ಅತ್ತೆ ದೀಪ ಹಚ್ಚುವ ತನಕ ಅದನ್ನೇ ಹಿಡಿದುಕೊಂಡು ಕೂತಿದ್ದರು. ಚಲೋ ಐತಿ ಎಂದು ಆ ದಿನ ಹೇಳಲಿಲ್ಲ.